ಜೀವಿಯ ಕಾಲ, ಸಂಸ್ಥೆಯ ಕಾಲ: ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಜೀವವಿಜ್ಞಾನ

ಜೀವವಿಜ್ಞಾನದಲ್ಲಿ ಪದವಿಯ ನಂತರದ ಅಧ್ಯಯನವೆಂಬುದು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಎರಡು ಘಟ್ಟಗಳಾಗಿ ನಡೆಯುತ್ತದೆ. ನಾಲ್ಕು ಸೆಮಿಸ್ಟರುಗಳಲ್ಲಿ ಮುಗಿಯುವ ಎಂ.ಎಸ್ಸಿ. ಮೊದಲನೆಯದು, ಮಾರ್ಗದರ್ಶಕರೊಬ್ಬರ ಬಳಿ ನಾಲ್ಕೈದು ವರ್ಷ ದುಡಿದು, ಹಿಂದೆ ಯಾರೂ ಹೇಳಿರದ ಒಂದಿಷ್ಟು ಸಂಗತಿಯನ್ನು ಮಹಾಪ್ರಬಂಧವಾಗಿ ಒಪ್ಪಿಸಿ ಪಡೆಯುವ ಪಿಎಚ್.ಡಿ. ಎರಡನೆಯದು. ಹೊರನೋಟಕ್ಕೆ ಇದು ಭೌತವಿಜ್ಞಾನಕ್ಕೂ ಇತಿಹಾಸಕ್ಕೂ ಇರುವ ವ್ಯವಸ್ಥೆಯೇ ಆಗಿದ್ದರೂ, ಅಧ್ಯಯನದ ವಸ್ತು ಬದುಕಿರುವಂಥದು ಎಂಬ ಒಂದೇ ಕಾರಣದಿಂದ ಇಲ್ಲಿನ ತೊಡಕುಗಳು ಬೇರೆಯಾಗುತ್ತವೆ. ನೊಣದ ಬಾಟಲಿಗೆ ಹಬ್ಬವಿರಲಿ ಮುಷ್ಕರವಿರಲಿ ಹೊಸ ಆಹಾರ ಹಾಕಲೇಬೇಕು. ಕಪ್ಪೆ ಮಳೆ ಬಂದಾಗ ಕೂಗುತ್ತದೆಯೇ ಹೊರತು ಅನುದಾನ ಬಂದಾಗ ಅಲ್ಲ. ಕಾಡಿನ ಮರವೊಂದು ಎಷ್ಟು ಬೆಳೆಯಿತು ಎಂದು ತಿಳಿಯಲು ಒಬ್ಬ ವಿದ್ಯಾರ್ಥಿಯ ಶಿಷ್ಯವೇತನದ ಅವಧಿ ಸಾಲದು. ಜೀವಿಯ ಕಾಲಕ್ಕೂ ಸಂಸ್ಥೆಯ ಕಾಲಕ್ಕೂ ನಡುವಿನ ಈ ಅಂತರವನ್ನು ತುಂಬಬಲ್ಲದ್ದು ವಿಭಾಗವೊಂದೇ. ವಿದ್ಯಾರ್ಥಿ ಬಂದುಹೋದರೂ ಪ್ರಶ್ನೆಯನ್ನು ಬಿಡದೆ ಹಿಡಿದುಕೊಂಡ ವಿಭಾಗಗಳಲ್ಲಿ ಉನ್ನತ ಅಧ್ಯಯನ ಬೆಳೆದಿದೆ, ಹಾಗೆ ಹಿಡಿದುಕೊಳ್ಳಲಾಗದ ಕಡೆ ಅದು ಪರೀಕ್ಷೆ ಮತ್ತು ಪದವಿಪತ್ರಗಳ ವ್ಯವಹಾರವಾಗಿ ಉಳಿದಿದೆ ಎಂಬುದನ್ನು ಕರ್ನಾಟಕದ ಅನುಭವ ಸಾಕಷ್ಟು ಸ್ಪಷ್ಟವಾಗಿ ತೋರಿಸುತ್ತದೆ.

1857ರಲ್ಲಿ ಕಲ್ಕತ್ತ, ಮುಂಬಯಿ ಮತ್ತು ಮದರಾಸುಗಳಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯಗಳು ಮೂಲತಃ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಗಳಾಗಿದ್ದವು. ಪಾಠ ಕಾಲೇಜುಗಳಲ್ಲಿ ನಡೆಯುತ್ತಿತ್ತು, ಸಂಶೋಧನೆ ನಡೆದರೆ ಅದು ಸರ್ಕಾರದ ಸರ್ವೇಕ್ಷಣಾ ಇಲಾಖೆಗಳಲ್ಲಿ ನಡೆಯುತ್ತಿತ್ತು. ಆಶುತೋಷ ಮುಖರ್ಜಿಯವರು 1917ರಲ್ಲಿ ಕಲ್ಕತ್ತದಲ್ಲಿ ಸ್ನಾತಕೋತ್ತರ ವಿಭಾಗಗಳನ್ನು ವಿಶ್ವವಿದ್ಯಾಲಯದ ಒಳಗೇ ಕಟ್ಟಿದ ಮೇಲೆ ಪಾಠ ಮತ್ತು ಸಂಶೋಧನೆ ಒಂದೇ ಸೂರಿನಡಿ ಇರಬೇಕೆಂಬ ಕಲ್ಪನೆಗೆ ಒಂದು ನೆಲೆ ಸಿಕ್ಕಿತು. ಮೈಸೂರು ವಿಶ್ವವಿದ್ಯಾಲಯ ಅದಕ್ಕೆ ಒಂದು ವರ್ಷ ಮೊದಲೇ, 1916ರಲ್ಲಿ, ಆರಂಭವಾಗಿತ್ತಾದರೂ ಅದರ ಜೀವವಿಜ್ಞಾನ ವಿಭಾಗಗಳಿಗೆ ಸಂಶೋಧನೆಯ ಹೆಸರು ಬಂದದ್ದು ಬಹಳ ತಡವಾಗಿ. ಆ ನಡುವಿನ ದಶಕಗಳಲ್ಲಿ ಈ ನಾಡಿನಲ್ಲಿ ಜೀವವಿಜ್ಞಾನದ ಉನ್ನತ ಅಧ್ಯಯನಕ್ಕೆ ಜಾಗವಾಗಿದ್ದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಸಂಸ್ಥೆ. ಅಲ್ಲಿನ ಜೀವರಸಾಯನ ವಿಭಾಗ 1921ರಲ್ಲಿ ಆರಂಭವಾಯಿತು. ಜೀವಕೋಶದೊಳಗೆ ನಡೆಯುವ ರಾಸಾಯನಿಕ ಕ್ರಿಯೆಗಳನ್ನು ಅಭ್ಯಸಿಸುವ ಈ ಶಾಸ್ತ್ರ ಅಲ್ಲಿ ಹುದುಗುವಿಕೆ, ಆಹಾರ, ಗೊಬ್ಬರಗಳಂಥ ಬಳಕೆಯ ಪ್ರಶ್ನೆಗಳ ಜೊತೆಗೇ ಬೆಳೆಯಿತು. ವಿಭಾಗದ ಮುಖ್ಯಸ್ಥರಾಗಿದ್ದ ವಿ. ಸುಬ್ರಹ್ಮಣ್ಯನ್ ಅವರೇ ಮುಂದೆ 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಮೊದಲ ನಿರ್ದೇಶಕರಾದರು ಎಂಬುದು ಆ ನಂಟಿಗೆ ಸಾಕ್ಷಿ.

ಯಾರಿಗೆ ಪ್ರವೇಶ ಎಂಬ ಪ್ರಶ್ನೆಯೂ ಅದೇ ವಿಭಾಗದ ಚರಿತ್ರೆಯಲ್ಲಿ ಬಹಿರಂಗವಾಗಿ ಎದ್ದಿತು. ಮುಂಬಯಿಯಿಂದ ಬಂದ ಕಮಲಾ ಭಾಗವತ್, ಮುಂದೆ ಕಮಲಾ ಸೋಹೊನಿ ಎಂದು ಹೆಸರಾದವರು, 1933ರಲ್ಲಿ ಅರ್ಜಿ ಹಾಕಿದಾಗ ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ಒಪ್ಪಲಿಲ್ಲ. ಆಕೆ ಪಟ್ಟು ಬಿಡದಿದ್ದಾಗ ಮೊದಲ ವರ್ಷವನ್ನು ಪರೀಕ್ಷಾರ್ಥವೆಂದು ಪರಿಗಣಿಸುವ ಷರತ್ತಿನ ಮೇಲೆ ಸೇರಿಸಿಕೊಂಡರು. ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು ಮತ್ತು ದ್ವಿದಳ ಧಾನ್ಯಗಳ ಪ್ರೋಟೀನುಗಳ ಮೇಲೆ ಕೆಲಸ ಮಾಡಿದ ಸೋಹೊನಿ, ಕೇಂಬ್ರಿಡ್ಜಿಗೆ ಹೋಗಿ ಉಸಿರಾಟದ ಸರಪಳಿಯಲ್ಲಿ ಎಲೆಕ್ಟ್ರಾನುಗಳನ್ನು ದಾಟಿಸುವ ಸೈಟೊಕ್ರೋಮ್ ಸಿ ಎಂಬ ಪ್ರೋಟೀನು ಸಸ್ಯಗಳಲ್ಲೂ ಇದೆಯೆಂದು ತೋರಿಸಿ 1939ರಲ್ಲಿ ಪಿಎಚ್.ಡಿ. ಪಡೆದರು. ಇಂದು ಜೀವವಿಜ್ಞಾನದ ಎಂ.ಎಸ್ಸಿ. ತರಗತಿಗಳಲ್ಲಿ ಹುಡುಗಿಯರದೇ ಬಹುಮತವೆಂಬುದು ಯಾವ ವಿಭಾಗಕ್ಕೆ ಹೋದರೂ ಕಣ್ಣಿಗೆ ಬೀಳುವ ಸಂಗತಿ. ಪ್ರಾಧ್ಯಾಪಕರ ಕೊಠಡಿಗಳ ಮುಂದಿನ ನಾಮಫಲಕಗಳಲ್ಲಿ ಆ ಬಹುಮತ ಕಾಣುವುದಿಲ್ಲ ಎಂಬುದೂ ಅಷ್ಟೇ ನಿಜ.

ಸ್ವಾತಂತ್ರ್ಯಾನಂತರದ ಎರಡು ದಶಕಗಳನ್ನು ವಿಶ್ವವಿದ್ಯಾಲಯದ ವಿಭಾಗಗಳ ಉತ್ತಮ ಕಾಲವೆಂದು ಕರೆಯುವುದು ಅತಿಶಯವಲ್ಲ. ದೆಹಲಿ ವಿಶ್ವವಿದ್ಯಾಲಯದಲ್ಲಿ ಪಂಚಾನನ ಮಾಹೇಶ್ವರಿಯವರು ಹೂಬಿಡುವ ಸಸ್ಯಗಳ ಭ್ರೂಣಶಾಸ್ತ್ರವನ್ನು, ಅಂದರೆ ಬೀಜದೊಳಗೆ ಎಳೆಯ ಸಸಿ ರೂಪುಗೊಳ್ಳುವ ಬಗೆಯನ್ನು, ಇಡೀ ವಿಭಾಗದ ಕಸುಬನ್ನಾಗಿ ಮಾಡಿದರು. ಒಬ್ಬ ಶಿಷ್ಯ ಒಂದು ಕುಟುಂಬದ ಸಸ್ಯಗಳನ್ನು, ಇನ್ನೊಬ್ಬ ಮತ್ತೊಂದನ್ನು ಕೈಗೆತ್ತಿಕೊಂಡು ವರ್ಷಗಟ್ಟಲೆ ಸೂಕ್ಷ್ಮದರ್ಶಕದ ಕೆಳಗೆ ತೆಳುಪದರಗಳನ್ನು ನೋಡುತ್ತ ಹೋದರು. ಹೊರಗಿನವರಿಗೆ ಒಣಕೆಲಸವೆಂದು ಕಾಣಬಹುದಾದ ಈ ಪರಂಪರೆಯಿಂದಲೇ 1964ರಲ್ಲಿ ಶಿಪ್ರಾ ಗುಹಾ ಮತ್ತು ಸತೀಶ್ ಮಾಹೇಶ್ವರಿ ಅವರ ಶೋಧ ಹೊರಬಂತು: ದತ್ತೂರಿಯ ಪರಾಗಕೋಶವನ್ನು ಪೋಷಕ ಮಾಧ್ಯಮದಲ್ಲಿ ಬೆಳೆಸಿದಾಗ ಪರಾಗದಿಂದಲೇ ಏಕಗುಣಿತ ಸಸಿಗಳು, ಅಂದರೆ ವರ್ಣತಂತುಗಳ ಒಂದೇ ಗಣವುಳ್ಳ ಸಸಿಗಳು, ಹುಟ್ಟಿದವು. ತಳಿ ಅಭಿವೃದ್ಧಿಯಲ್ಲಿ ಇಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಈ ತಂತ್ರ ಭಾರತದ ವಿಶ್ವವಿದ್ಯಾಲಯವೊಂದರ ಸಸ್ಯಶಾಸ್ತ್ರ ವಿಭಾಗದಲ್ಲಿ ಹುಟ್ಟಿತೆಂಬುದನ್ನು ಜೈವಿಕ ತಂತ್ರಜ್ಞಾನದ ವಿದ್ಯಾರ್ಥಿಗಳಿಗೇ ನೆನಪಿಸಬೇಕಾಗಿ ಬರುತ್ತದೆ. ಅದೇ ಕಾಲದಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ. ಜಿ. ಎಲ್. ಸ್ವಾಮಿ ಸಸ್ಯಗಳ ಒಳರಚನೆಯನ್ನು ಅಭ್ಯಸಿಸುತ್ತಿದ್ದರು. ಸಸ್ಯಶಾಸ್ತ್ರದ ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದು ಕಲಿಸುವುದೆಂದರೇನು ಎಂಬುದಕ್ಕೆ ಕನ್ನಡದಲ್ಲಿ ಅವರ ‘ಹಸಿರು ಹೊನ್ನು’ ಕೃತಿಗಿಂತ ಒಳ್ಳೆಯ ದಾಖಲೆ ಇಲ್ಲ. ಹಾಸ್ಯದ ಪುಸ್ತಕವೆಂದು ಓದಿಸಿಕೊಳ್ಳುವ ಅದು ಶಿಕ್ಷಣಕ್ರಮದ ಪುಸ್ತಕವೂ ಹೌದು.

ಮೈಸೂರಿನ ಪ್ರಾಣಿಶಾಸ್ತ್ರ ವಿಭಾಗವನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ, ಏಕೆಂದರೆ ರಾಜ್ಯ ವಿಶ್ವವಿದ್ಯಾಲಯವೊಂದು ತನ್ನ ಮಿತಿಗಳೊಳಗೇ ಏನು ಮಾಡಬಹುದೆಂಬುದಕ್ಕೆ ಅದು ಒಳ್ಳೆಯ ನಿದರ್ಶನ. ಕುವೆಂಪು ಕುಲಪತಿಗಳಾಗಿದ್ದಾಗ 1960ರಲ್ಲಿ ರೂಪುಗೊಂಡ ಮಾನಸಗಂಗೋತ್ರಿ ಆವರಣದಲ್ಲಿ ಎಂ. ಆರ್. ರಾಜಶೇಖರಶೆಟ್ಟಿಯವರು ಹಣ್ಣಿನ ನೊಣವಾದ ಡ್ರೊಸೊಫಿಲದ ಮೇಲೆ ಸಂಶೋಧನೆ ಬೆಳೆಸಿದರು. ಕೊಳೆತ ಬಾಳೆಹಣ್ಣಿನ ಸುತ್ತ ಹಾರಾಡುವ ಈ ಪುಟ್ಟ ನೊಣಕ್ಕೆ ಬಾಟಲಿ, ರವೆ, ಬೆಲ್ಲ, ಯೀಸ್ಟುಗಳಿದ್ದರೆ ಸಾಕು. 25 ಡಿಗ್ರಿ ಉಷ್ಣತೆಯಲ್ಲಿ ಸುಮಾರು ಹತ್ತು ದಿನಕ್ಕೆ ಒಂದು ತಲೆಮಾರು ಮುಗಿಯುತ್ತದೆ. ಮರಿಹುಳುವಿನ ಜೊಲ್ಲುಗ್ರಂಥಿಯನ್ನು ಬಿಡಿಸಿ ಬಣ್ಣ ಹಾಕಿ ಗಾಜಿನ ಪಟ್ಟಿಯ ಮೇಲೆ ಅದುಮಿದರೆ ದೈತ್ಯ ವರ್ಣತಂತುಗಳು ಅಡ್ಡಪಟ್ಟಿಗಳ ಸಮೇತ ಕಾಣುತ್ತವೆ. ದುಬಾರಿ ಯಂತ್ರಗಳಿಲ್ಲದ ವಿಭಾಗವೊಂದು ತಳಿವಿಜ್ಞಾನದ ಗಂಭೀರ ಪ್ರಶ್ನೆಗಳನ್ನು ಕೇಳಲು ಇದಕ್ಕಿಂತ ತಕ್ಕ ಜೀವಿ ಸಿಗುವುದು ಕಷ್ಟ. ಸುತ್ತಲಿನ ಕಾಡುಗಳಲ್ಲಿ ನೊಣ ಹಿಡಿಯುತ್ತ ಹೋದ ವಿದ್ಯಾರ್ಥಿಗಳು ಹೊಸ ಪ್ರಭೇದಗಳನ್ನು ಕಂಡುಹಿಡಿದರು. ಮೈಸೂರೆನ್ಸಿಸ್, ರಾಜಶೇಖರಿ ಎಂಬ ಪ್ರಭೇದನಾಮಗಳಲ್ಲಿ ಊರೂ ಗುರುವೂ ಉಳಿದಿದ್ದಾರೆ.

ಆದರೆ ಪ್ರಭೇದಗಳ ಪಟ್ಟಿಗಿಂತ ಮುಖ್ಯವಾದದ್ದು ಮುಂದಿನ ತಲೆಮಾರಿನಲ್ಲಿ ಎಚ್. ಎ. ರಂಗನಾಥ್ ಮತ್ತು ಅವರ ಶಿಷ್ಯರು ಕೈಗೊಂಡ ಪ್ರಯೋಗಸರಣಿ. ನಸೂಟ ಮತ್ತು ಆಲ್ಬೊಮಿಕಾನ್ಸ್ ಎಂಬ ಎರಡು ಬಗೆಯ ನೊಣಗಳು ನೋಡಲು ಒಂದೇ ತೆರ. ಮೊದಲನೆಯದರ ಜೀವಕೋಶದಲ್ಲಿ ಎಂಟು ವರ್ಣತಂತುಗಳಿದ್ದರೆ ಎರಡನೆಯದರಲ್ಲಿ ಆರು. ಇವೆರಡನ್ನೂ ಕೂಡಿಸಿದಾಗ ಸಂತಾನ ಹುಟ್ಟುತ್ತದೆ, ಆ ಸಂತಾನಕ್ಕೂ ಮರಿಗಳಾಗುತ್ತವೆ. ಹೀಗೆ ಹುಟ್ಟಿದ ಮಿಶ್ರ ಸಂತತಿಗಳನ್ನು ತಲೆಮಾರಿನಿಂದ ತಲೆಮಾರಿಗೆ ಸಾಕುತ್ತ ಬಂದಾಗ ಕೆಲವು ವಂಶಗಳಲ್ಲಿ ಎರಡೂ ಕಡೆಯ ವರ್ಣತಂತುಗಳು ಬೆರೆತ ಹೊಸ ಜೋಡಣೆಗಳು ನೆಲೆನಿಂತವು. ಸೈಟೋರೇಸ್ ಎಂದು ಹೆಸರಿಟ್ಟ ಈ ವಂಶಗಳು ಪ್ರಯೋಗಾಲಯದೊಳಗೇ ಜೀವವಿಕಾಸದ ಮೊದಲ ಹೆಜ್ಜೆಗಳನ್ನು ನೋಡಲು ಅವಕಾಶ ಕೊಟ್ಟವು. ಈ ಕೆಲಸವನ್ನು ಒಬ್ಬ ಪಿಎಚ್.ಡಿ. ವಿದ್ಯಾರ್ಥಿ ಆರಂಭಿಸಿ ಮುಗಿಸುವಂತಿರಲಿಲ್ಲ. ಒಬ್ಬರು ಸಾಕಿದ ವಂಶದ ವರ್ಣತಂತುಗಳನ್ನು ಇನ್ನೊಬ್ಬರು ಪರಿಶೀಲಿಸಿದರು, ಮತ್ತೊಬ್ಬರು ಅದರ ಸಂತಾನಶಕ್ತಿಯನ್ನು ಅಳೆದರು, ಬೇರೊಬ್ಬರು ಕೂಡುವಿಕೆಯ ಆಯ್ಕೆಗಳನ್ನು ನೋಡಿದರು. ಮಹಾಪ್ರಬಂಧಗಳು ಬಿಡಿಬಿಡಿಯಾಗಿದ್ದರೂ ಪ್ರಶ್ನೆ ಒಂದೇ ಆಗಿತ್ತು. ವಿಭಾಗದಲ್ಲಿರುವ ಡ್ರೊಸೊಫಿಲ ಸಂಗ್ರಹ ಕೇಂದ್ರ ದೇಶದ ಇತರ ಪ್ರಯೋಗಾಲಯಗಳಿಗೂ ನೊಣಗಳನ್ನು ಒದಗಿಸುತ್ತದೆ. ಇಂಥ ಕೇಂದ್ರವನ್ನು ನಡೆಸುವುದು ಸಂಶೋಧನೆಯೆಂದು ಯಾವ ಮೌಲ್ಯಮಾಪನ ಸಮಿತಿಯೂ ಎಣಿಸುವುದಿಲ್ಲ. ಅದಿಲ್ಲದೆ ಸಂಶೋಧನೆ ನಡೆಯುವುದೂ ಇಲ್ಲ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಸ್. ಕೆ. ಸೈದಾಪುರ ಮತ್ತು ಸಹೋದ್ಯೋಗಿಗಳು ಕಪ್ಪೆಗಳ ಸಂತಾನೋತ್ಪತ್ತಿಯ ಹಿಂದಿನ ಹಾರ್ಮೋನುಗಳನ್ನು, ಆಮೇಲೆ ಗೊದಮೊಟ್ಟೆಗಳು ಒಡಹುಟ್ಟುಗಳನ್ನು ಗುರುತಿಸುವ ಬಗೆಯನ್ನು ಹಿಡಿದು ಇದೇ ಬಗೆಯ ಪರಂಪರೆಯೊಂದನ್ನು ಕಟ್ಟಿದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ, ಕನ್ನಡ ಓದುಗರಿಗೆ ಕಾದಂಬರಿಕಾರರೆಂದೇ ಹೆಚ್ಚು ಪರಿಚಿತರಾದ ಕೆ. ಎನ್. ಗಣೇಶಯ್ಯ ಮತ್ತು ಆರ್. ಉಮಾಶಂಕರ್ ಜೋಡಿ ಸಸ್ಯಗಳ ವಿಕಾಸದ ಪ್ರಶ್ನೆಗಳನ್ನು ಬೆಳೆಗಳ ನಡುವೆಯೇ ಎತ್ತಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಅವರ ಕಥೆ ಇನ್ನೂ ಕುತೂಹಲಕರ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದಿ, ಸಂಸ್ಥೆಯಲ್ಲಿ ಅಣುಜೀವವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಲೇ ಅವರು ಬಿಡುವಿನಲ್ಲಿ ರೊಪಾಲಿಡಿಯ ಮಾರ್ಜಿನೇಟ ಎಂಬ ಕಡಜದ ಗೂಡುಗಳನ್ನು ನೋಡುತ್ತಿದ್ದರು, ಆಮೇಲೆ ಅದನ್ನೇ ಜೀವಮಾನದ ಕೆಲಸವಾಗಿಸಿಕೊಂಡರು. ಪ್ರತಿ ಕಡಜಕ್ಕೂ ಬಣ್ಣದ ಚುಕ್ಕೆಯಿಟ್ಟು ಗುರುತಿಸಿ, ಗೂಡಿನ ರಾಣಿಯನ್ನು ತೆಗೆದಾಗ ಕೆಲಸಗಾರ ಹೆಣ್ಣುಗಳಲ್ಲಿ ಒಂದು ಮಾತ್ರ ಇದ್ದಕ್ಕಿದ್ದಂತೆ ಆಕ್ರಮಣಕಾರಿಯಾಗಿ ಮುಂದಿನ ರಾಣಿಯಾಗುವುದನ್ನು, ಆ ಉತ್ತರಾಧಿಕಾರಿ ಯಾರೆಂಬುದು ನೋಡುವವರಿಗೆ ಮೊದಲೇ ತಿಳಿಯದಿದ್ದರೂ ಕಡಜಗಳಿಗೆ ತಿಳಿದಿರುವಂತೆ ತೋರುವುದನ್ನು ಅವರ ವಿದ್ಯಾರ್ಥಿಗಳು ದಶಕಗಳ ಉದ್ದಕ್ಕೂ ಒಬ್ಬರ ನಂತರ ಒಬ್ಬರು ಬಿಡಿಸುತ್ತ ಬಂದರು. ಮೂರೂ ಕಡೆ ಸಾಮಾನ್ಯವಾದದ್ದು ಒಂದೇ: ವಿದ್ಯಾರ್ಥಿ ಹೊಸ ಜೀವಿಯನ್ನಲ್ಲ, ಹೊಸ ಪ್ರಶ್ನೆಯನ್ನು ಹುಡುಕಿಕೊಂಡರೆ ಸಾಕಾಗುತ್ತಿತ್ತು.

ಇಷ್ಟಾದರೂ ದೇಶದ ನೀತಿ ಬೇರೆ ದಾರಿ ಹಿಡಿಯಿತು. 1962ರಲ್ಲಿ ಒಬೈದ್ ಸಿದ್ದಿಕಿಯವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಣುಜೀವವಿಜ್ಞಾನದ ಘಟಕ ಆರಂಭಿಸಿದರು. ಅದರ ಬೇರಿನಿಂದಲೇ ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿ.ಕೆ.ವಿ.ಕೆ. ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್, ತಲೆಯೆತ್ತಿತು. 1977ರಲ್ಲಿ ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರ (ಸಿಸಿಎಂಬಿ), 1989ರಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರ, 2006ರಿಂದ ಐಸರ್ ಎಂಬ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು ಬಂದವು. ಇವೆಲ್ಲ ಉತ್ತಮ ಸಂಸ್ಥೆಗಳು, ಇವುಗಳಿಲ್ಲದೆ ಇಂದಿನ ಭಾರತೀಯ ಜೀವವಿಜ್ಞಾನವನ್ನು ಊಹಿಸಲಾಗದು. ಆದರೆ ಹಣ, ಉಪಕರಣ ಮತ್ತು ಹೊಸ ಅಧ್ಯಾಪಕ ಹುದ್ದೆಗಳು ಅಲ್ಲಿಗೆ ಹರಿದಂತೆ, ಬಹುಪಾಲು ಎಂ.ಎಸ್ಸಿ. ವಿದ್ಯಾರ್ಥಿಗಳು ಉಳಿದದ್ದು ರಾಜ್ಯ ವಿಶ್ವವಿದ್ಯಾಲಯಗಳಲ್ಲಿ. ಪಾಠ ಒಂದು ಕಡೆ, ಸಂಶೋಧನೆ ಇನ್ನೊಂದು ಕಡೆ ಎಂಬ, ಆಶುತೋಷ ಮುಖರ್ಜಿ ಒಡೆಯಲು ಹೊರಟಿದ್ದ ಏರ್ಪಾಡೇ ಹೀಗೆ ಹೊಸ ವೇಷದಲ್ಲಿ ಮರಳಿತು. ಇದರ ಜೊತೆಗೆ 1986ರಲ್ಲಿ ಕೇಂದ್ರದಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆ, 2001ರಲ್ಲಿ ಕರ್ನಾಟಕದ ಜೈವಿಕ ತಂತ್ರಜ್ಞಾನ ನೀತಿ ಬಂದ ಮೇಲೆ ‘ಬಯೋಟೆಕ್’ ಹೆಸರಿನ ಕೋರ್ಸುಗಳು ಕಾಲೇಜು ಕಾಲೇಜಿಗೂ ಹಬ್ಬಿ, ಸಸ್ಯಶಾಸ್ತ್ರ ಮತ್ತು ಪ್ರಾಣಿಶಾಸ್ತ್ರಗಳು ಹಳತಾದ ವಿಷಯಗಳೆಂಬ ಭಾವನೆ ಪೋಷಕರಲ್ಲೂ ವಿದ್ಯಾರ್ಥಿಗಳಲ್ಲೂ ಬೇರೂರಿತು. ಜೀವಿಯನ್ನು ನೋಡಿ ಇದು ಯಾವುದೆಂದು ಹೇಳಬಲ್ಲ ವರ್ಗೀಕರಣಶಾಸ್ತ್ರಜ್ಞರಿಗೆ ಕೊರತೆ ಬಿದ್ದದ್ದು ಈ ಅವಧಿಯಲ್ಲೇ.

ಒಡೆದ ಎರಡು ಲೋಕಗಳ ನಡುವಿನ ಸೇತುವೆಯಾಗಿ ನಿಂತದ್ದು ಪ್ರವೇಶಪರೀಕ್ಷೆ. ಎಂ.ಎಸ್ಸಿ. ಮುಗಿಸಿದ ವಿದ್ಯಾರ್ಥಿಯ ಮುಂದೆ ಇಂದು ಸಿಎಸ್‌ಐಆರ್–ಯುಜಿಸಿ ನೆಟ್, ಗೇಟ್, ಜೈವಿಕ ತಂತ್ರಜ್ಞಾನ ಇಲಾಖೆಯ (ಡಿಬಿಟಿ) ಪ್ರತ್ಯೇಕ ಪರೀಕ್ಷೆ, ಎನ್‌ಸಿಬಿಎಸ್ ಮೊದಲಾದ ಸಂಸ್ಥೆಗಳ ಪರೀಕ್ಷೆ, ಉಪನ್ಯಾಸಕ ಹುದ್ದೆಯ ಅರ್ಹತೆಗಾಗಿ ಕೆಸೆಟ್ ಎಂಬ ಸಾಲೇ ಇದೆ. ಇವುಗಳಲ್ಲಿ ಅತಿ ಹೆಚ್ಚು ಜನ ಕಣ್ಣಿಟ್ಟಿರುವ ಸಿಎಸ್‌ಐಆರ್ ನೆಟ್‌ನ ಜೀವವಿಜ್ಞಾನ ಪತ್ರಿಕೆಗೆ ಹದಿಮೂರು ಘಟಕಗಳ ಪಠ್ಯವಿದ್ದು, ಅಣುಗಳ ರಚನೆಯಿಂದ ಹಿಡಿದು ಪ್ರಾಣಿವರ್ತನೆ, ಪರಿಸರ, ಪ್ರಯೋಗವಿಧಾನಗಳ ತನಕ ಎಲ್ಲವೂ ಅದರಲ್ಲಿ ಅಡಕವಾಗಿದೆ. ಮೂರು ಗಂಟೆಗಳ, 200 ಅಂಕಗಳ ಈ ಪತ್ರಿಕೆಯ ಕೊನೆಯ ಭಾಗದಲ್ಲಿ 75 ಪ್ರಶ್ನೆಗಳ ಪೈಕಿ 25ನ್ನು ಉತ್ತರಿಸಿದರೆ ಸಾಕು, ಅವುಗಳಿಗೇ 100 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯಲಾಗುತ್ತದೆ. ಈ ಭಾಗದ ಪ್ರಶ್ನೆಗಳು ಕೆಟ್ಟವೇನಲ್ಲ. ಪ್ರಯೋಗವೊಂದರ ಫಲಿತಾಂಶ ಕೊಟ್ಟು ಅದರಿಂದ ಏನನ್ನು ತೀರ್ಮಾನಿಸಬಹುದೆಂದು ಕೇಳುವ ಪ್ರಶ್ನೆಗಳು ಅವುಗಳಲ್ಲಿವೆ. ಆದರೆ ಆಯ್ಕೆಯ ಸ್ವಾತಂತ್ರ್ಯವನ್ನು ತರಬೇತಿ ಕೇಂದ್ರಗಳು ಬಲುಬೇಗ ಲೆಕ್ಕಾಚಾರವಾಗಿ ಮಾರ್ಪಡಿಸಿದವು. ಯಾವ ಘಟಕಗಳನ್ನು ಓದಿದರೆ ದಡ ಸೇರಬಹುದು, ಯಾವುದನ್ನು ಧೈರ್ಯವಾಗಿ ಬಿಡಬಹುದು ಎಂಬ ಸಲಹೆ ಎಂ.ಎಸ್ಸಿ. ಮೊದಲ ಸೆಮಿಸ್ಟರಿನಲ್ಲೇ ವಿದ್ಯಾರ್ಥಿಗಳ ಕಿವಿಗೆ ಬೀಳುತ್ತದೆ. ನಾಲ್ಕನೆಯ ಸೆಮಿಸ್ಟರಿನಲ್ಲಿ ನಡೆಯಬೇಕಾದ ಯೋಜನಾಪ್ರಬಂಧಕ್ಕೆ, ಅಂದರೆ ವಿದ್ಯಾರ್ಥಿ ಮೊದಲ ಸಲ ತಾನಾಗಿ ಪ್ರಯೋಗವೊಂದನ್ನು ಕೈಗೊಳ್ಳುವ ಅವಕಾಶಕ್ಕೆ, ಇದರಿಂದ ಬೀಳುವ ಪೆಟ್ಟು ಸಣ್ಣದಲ್ಲ. ಆರು ತಿಂಗಳ ಪ್ರಯೋಗ ಯಾವ ಪರೀಕ್ಷೆಯಲ್ಲೂ ಅಂಕ ತರುವುದಿಲ್ಲವೆಂದು ಗೊತ್ತಿರುವಾಗ ಅದನ್ನು ನೆಪಕ್ಕೆ ಮುಗಿಸುವವರನ್ನು ದೂರುವುದಕ್ಕೂ ಆಗದು. 2024ರ ಜೂನ್ ತಿಂಗಳಲ್ಲಿ ನಡೆಯಬೇಕಿದ್ದ ಈ ಪರೀಕ್ಷೆಯನ್ನು ಕೊನೆಯ ಗಳಿಗೆಯಲ್ಲಿ ಮುಂದೂಡಿ ಜುಲೈನಲ್ಲಿ ನಡೆಸಿದಾಗ, ಒಂದೇ ಪರೀಕ್ಷೆಗೆ ಎಷ್ಟೊಂದು ಬದುಕುಗಳನ್ನು ಕಟ್ಟಿಹಾಕಲಾಗಿದೆ ಎಂಬುದು ಎಲ್ಲರಿಗೂ ಕಾಣಿಸಿತು.

ಪರೀಕ್ಷೆಗೆ ಈ ತೂಕ ಬಂದಿರುವುದು ಹಣದಿಂದ. ಅದರಲ್ಲಿ ಗೆದ್ದು ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧನಾ ವೇತನ, ದೊರೆತವರಿಗೆ 2023ರ ಪರಿಷ್ಕರಣೆಯ ಪ್ರಕಾರ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಮುಂದಿನ ಮೂರು ವರ್ಷ 42,000 ರೂಪಾಯಿ ಶಿಷ್ಯವೇತನವಿದೆ. ಅದೇ ಪ್ರಯೋಗಾಲಯದಲ್ಲಿ, ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಕೂತವರಿಗೆ ಜೆಆರ್‌ಎಫ್ ಇಲ್ಲದಿದ್ದರೆ, ಕೇಂದ್ರೀಯ ವಿಶ್ವವಿದ್ಯಾಲಯವಾದರೆ 8,000 ರೂಪಾಯಿ. ರಾಜ್ಯ ವಿಶ್ವವಿದ್ಯಾಲಯವಾದರೆ ರಾಜ್ಯದ ಯಾವುದಾದರೂ ಯೋಜನೆ ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಮನೆಯ ದುಡ್ಡು. ಮಂಜೂರಾದ ಶಿಷ್ಯವೇತನ ತಿಂಗಳುಗಟ್ಟಲೆ ಕೈಸೇರದಿರುವುದು ಸುದ್ದಿಯೇ ಅಲ್ಲವೆನ್ನುವಷ್ಟು ವಾಡಿಕೆಯಾಗಿದೆ. ಹಾಸ್ಟೆಲಿನ ಬಾಡಿಗೆ, ಊರಿಗೆ ಕಳಿಸಬೇಕಾದ ಹಣ, ಮದುವೆಯ ಒತ್ತಾಯ ಇವುಗಳ ನಡುವೆ ಸಿಲುಕುವವರು ಹೆಚ್ಚಾಗಿ ಮನೆಯಲ್ಲಿ ಮೊದಲ ಸಲ ಈ ಹಂತಕ್ಕೆ ಬಂದವರೇ.

ಪಿಎಚ್.ಡಿ.ಯ ನಿಯಮಗಳನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2009, 2016 ಮತ್ತು 2022ರಲ್ಲಿ ಮೂರು ಸಲ ಬರೆಯಿತು. ಈಗಿನ ನಿಯಮದಂತೆ ಅವಧಿ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮಹಿಳೆಯರಿಗೂ ಅಂಗವಿಕಲರಿಗೂ ಎರಡು ವರ್ಷ ಹೆಚ್ಚು. ಸಂಶೋಧನಾ ನೀತಿಯ ಪಾಠವೂ ಸೇರಿದಂತೆ ಕನಿಷ್ಠ 12 ಕ್ರೆಡಿಟುಗಳ ಕೋರ್ಸ್‌ವರ್ಕ್. ಪ್ರಾಧ್ಯಾಪಕರೊಬ್ಬರ ಬಳಿ ಒಂದು ಕಾಲಕ್ಕೆ ಎಂಟಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವಂತಿಲ್ಲ. 2016ರಲ್ಲಿ ಪ್ರಬಂಧ ಸಲ್ಲಿಸುವ ಮುನ್ನ ಒಂದಾದರೂ ಲೇಖನ ಪ್ರಕಟವಾಗಿರಬೇಕೆಂಬ ಷರತ್ತಿತ್ತು. ಹಣ ಕೊಟ್ಟರೆ ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳಿಗೆ ಅದು ಗಿರಾಕಿಗಳನ್ನು ಒದಗಿಸಿತೇ ಹೊರತು ಗುಣಮಟ್ಟವನ್ನಲ್ಲ, ಹಾಗಾಗಿ 2022ರಲ್ಲಿ ಅದನ್ನು ಕೈಬಿಟ್ಟದ್ದು ಸರಿಯಾದ ತೀರ್ಮಾನ. ಎಂ.ಫಿಲ್. ಅನ್ನು ತೆಗೆದುಹಾಕಿದ್ದು ಜೀವವಿಜ್ಞಾನದಲ್ಲಿ ಹೆಚ್ಚು ಪರಿಣಾಮ ಬೀರಲಿಲ್ಲ. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಅಂಕ ಪಡೆದವರು ಎಂ.ಎಸ್ಸಿ. ಇಲ್ಲದೆ ನೇರವಾಗಿ ಪಿಎಚ್.ಡಿ.ಗೆ ಬರಬಹುದೆಂಬ ಹೊಸ ದಾರಿಯ ವಿಷಯದಲ್ಲಿ ಮಾತ್ರ ಕರ್ನಾಟಕದ ಸ್ಥಿತಿ ಗೊಂದಲದ್ದು. 2021ರಲ್ಲಿ ನಾಲ್ಕು ವರ್ಷದ ವ್ಯವಸ್ಥೆಗೆ ಹೋಗಿ, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದ ರಾಜ್ಯದಲ್ಲಿ, ನಡುವಿನ ತಂಡಗಳ ವಿದ್ಯಾರ್ಥಿಗಳಿಗೆ ಒಂದು ನಿಯಮ, ಹಿಂದಿನವರಿಗೂ ಮುಂದಿನವರಿಗೂ ಇನ್ನೊಂದು ನಿಯಮವಾಯಿತು.

ಜೀವವಿಜ್ಞಾನದ ಪಿಎಚ್.ಡಿ. ಆರು ವರ್ಷಕ್ಕೆ ಎಳೆಯುವುದಕ್ಕೆ ಸೋಮಾರಿತನಕ್ಕಿಂತ ಸಾಮಗ್ರಿಯೇ ಹೆಚ್ಚಿನ ಕಾರಣ. ಪ್ರೋಟೀನನ್ನು ಗುರುತಿಸುವ ಪ್ರತಿಕಾಯ, ವಂಶವಾಹಿಯನ್ನು ಕತ್ತರಿಸುವ ಕಿಣ್ವ ಇಂಥವು ಬಹುಪಾಲು ಹೊರದೇಶದಿಂದ ಬರುತ್ತವೆ, ಅದೂ ಮಂಜುಗಡ್ಡೆಯ ತಂಪಿನಲ್ಲಿ. ಸುಂಕದ ಕಟ್ಟೆಯಲ್ಲಿ ವಾರಾಂತ್ಯ ಕಳೆದ ಪೆಟ್ಟಿಗೆ ಪ್ರಯೋಗಾಲಯಕ್ಕೆ ಬರುವಷ್ಟರಲ್ಲಿ ನಿರುಪಯೋಗಿಯಾಗಿರುವುದುಂಟು. 2022ರಲ್ಲಿ ಸಂಶೋಧನಾ ಸಂಸ್ಥೆಗಳು ಕೊಳ್ಳುವ ಉಪಕರಣಗಳ ಮೇಲಿನ ಜಿಎಸ್‌ಟಿ ಶೇ. 5ರಿಂದ 18ಕ್ಕೆ ಏರಿತು. 2024ರ ಜುಲೈ ಬಜೆಟ್ಟಿನಲ್ಲಿ ಪ್ರಯೋಗಾಲಯದ ರಾಸಾಯನಿಕಗಳ ಆಮದು ಸುಂಕವನ್ನು ಶೇ. 10ರಿಂದ 150ಕ್ಕೆ ಏರಿಸಿ, ವಿಜ್ಞಾನಿಗಳು ಗದ್ದಲ ಮಾಡಿದ ಮೇಲೆ ದಿನಗಳಲ್ಲೇ ಸಂಶೋಧನೆಯ ಬಳಕೆಗೆ ವಿನಾಯಿತಿ ಕೊಡಲಾಯಿತು. ಸರ್ಕಾರಿ ಖರೀದಿತಾಣವಾದ ಜೆಮ್ ಮೂಲಕವೇ ಕೊಳ್ಳಬೇಕೆಂಬ ಕಟ್ಟುಪಾಡನ್ನು 2025ರ ಜೂನ್‌ನಲ್ಲಿ ಸಡಿಲಿಸಿದ್ದು ಕೇಂದ್ರದ ಸಂಸ್ಥೆಗಳಿಗೆ ನಿಜವಾದ ನಿರಾಳ. ಉಪಕರಣ ಬಂದರೂ ಅದನ್ನು ದುರಸ್ತಿಯಲ್ಲಿಡುವ ಹಣ ಅನುದಾನದಲ್ಲಿ ಇರುವುದಿಲ್ಲ. ವಿದ್ಯುತ್ತು ಹೋದಾಗ ಮೈನಸ್ 80 ಡಿಗ್ರಿಯ ಶೀತಕಪಾಟನ್ನು ಉಳಿಸುವ ಜನರೇಟರಿನ ಡೀಸೆಲ್ ಯಾರ ಲೆಕ್ಕಕ್ಕೆಂಬ ಪ್ರಶ್ನೆ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಹಲವರ ಸಂಶೋಧನೆಯ ಹಣೆಬರಹ ಬರೆದಿದೆ.

ಹೊಲ, ಕಾಡು, ಕೆರೆಗಳಲ್ಲಿ ಕೆಲಸ ಮಾಡುವವರಿಗೆ ಫ್ರೀಜರಿನ ಚಿಂತೆಯಿಲ್ಲ, ಅನುಮತಿಯ ಚಿಂತೆಯಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು 2002ರ ಜೀವವೈವಿಧ್ಯ ಕಾಯ್ದೆಗಳ ಅಡಿಯಲ್ಲಿ ಮಾದರಿ ಸಂಗ್ರಹಕ್ಕೂ ಕಾಡಿನೊಳಗೆ ಓಡಾಟಕ್ಕೂ ಅರ್ಜಿ ಹಾಕಬೇಕು. ಉತ್ತರ ಬರುವಷ್ಟರಲ್ಲಿ ಮುಂಗಾರು ಮುಗಿದಿದ್ದರೆ ಕಪ್ಪೆಗಳನ್ನು ಅಭ್ಯಸಿಸುವ ವಿದ್ಯಾರ್ಥಿಗೆ ಹೋದದ್ದು ಒಂದು ವರ್ಷ. ಹೀಗಿದ್ದೂ ಈ ಭಾಗದಲ್ಲಿ ಆಗಿರುವ ಕೆಲಸ ಕಡಿಮೆಯದಲ್ಲ. 1983ರಲ್ಲಿ ಮಾಧವ ಗಾಡ್ಗೀಳರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರವನ್ನು ಕಟ್ಟಿದ ಮೇಲೆ, 1988ರಲ್ಲಿ ಅದೇ ಕೇಂದ್ರ ಮುದುಮಲೈ ಕಾಡಿನಲ್ಲಿ 50 ಹೆಕ್ಟೇರಿನ ತಾಕೊಂದನ್ನು ಗುರುತು ಮಾಡಿ ಅದರ ಮರಗಳನ್ನು ಒಂದೊಂದಾಗಿ ಲೆಕ್ಕವಿಟ್ಟು ವರ್ಷವರ್ಷವೂ ಪರಿಶೀಲಿಸುತ್ತ ಬಂದಿದೆ. ಬೆಂಕಿ, ಬರ, ಆನೆಗಳ ಪರಿಣಾಮವನ್ನು ಅಳೆಯಲು ಎಷ್ಟೋ ಮಹಾಪ್ರಬಂಧಗಳಿಗೆ ಅದೇ ಆಧಾರ. ಉತ್ತರ ಕನ್ನಡದ ಕತ್ತಲೆಕಾನಿನಂಥ ಜೌಗು ಕಾಡುಗಳಿಂದ 2014ರಲ್ಲಿ ಕೆ. ವಿ. ಗುರುರಾಜ ಮತ್ತು ಸಂಗಡಿಗರು ವರ್ಣಿಸಿದ, ಮೊಟ್ಟೆಗಳ ಮೇಲೆ ಗಂಡು ಮಣ್ಣು ಮೆತ್ತುವ ಕಪ್ಪೆಯ ಶಾಸ್ತ್ರೀಯ ಹೆಸರಿನಲ್ಲೇ ಕುಂಬಾರ ಇದ್ದಾನೆ.

ಪ್ರಾಣಿಗಳ ಮೇಲಿನ ಪ್ರಯೋಗದ ವಿಷಯವನ್ನು ಇಲ್ಲಿ ಬಿಡಲಾಗದು. ಪದವಿ ತರಗತಿಗಳಲ್ಲಿ ಕಪ್ಪೆ ಕೊಯ್ಯುವುದು ಪ್ರಾಣಿಶಾಸ್ತ್ರದ ಗುರುತೇ ಆಗಿದ್ದ ಕಾಲವಿತ್ತು. ಅದಕ್ಕಾಗಿ ಗದ್ದೆಗಳಿಂದ ಹಿಡಿದು ತಂದ ಕಪ್ಪೆಗಳ ಲೆಕ್ಕ ಯಾರೂ ಇಟ್ಟಿರಲಿಲ್ಲ. ಯುಜಿಸಿ 2011ರಲ್ಲಿ ಮಾರ್ಗಸೂಚಿ ಹೊರಡಿಸಿ, 2014ರಲ್ಲಿ ಪದವಿ ಮತ್ತು ಸ್ನಾತಕೋತ್ತರ ಬೋಧನೆಯಿಂದ ಅಂಗಛೇದನವನ್ನು ಕೈಬಿಡಬೇಕೆಂದಿತು. ಸಂಶೋಧನೆಗೆ ಇಲಿ, ಮೊಲಗಳನ್ನು ಬಳಸುವುದಾದರೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಉದ್ದೇಶ ಸರಿಯೇ. ಆದರೆ ಕೊಯ್ಯುವುದನ್ನು ನಿಲ್ಲಿಸಿ ಬಿಡುವಾದ ಗಂಟೆಗಳನ್ನು ಜೀವಂತ ಪ್ರಾಣಿಯನ್ನು ಅದರ ನೆಲೆಯಲ್ಲೇ ನೋಡಲು ಕೊಡುವ ಬದಲು ಪರದೆಯ ಮೇಲಿನ ಚಿತ್ರಗಳಿಗೆ ಕೊಟ್ಟದ್ದರಿಂದ, ಸತ್ತ ಕಪ್ಪೆಯನ್ನೂ ಬದುಕಿರುವ ಕಪ್ಪೆಯನ್ನೂ ಹತ್ತಿರದಿಂದ ನೋಡದ ಎಂ.ಎಸ್ಸಿ. ಪದವೀಧರರು ತಯಾರಾದರು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇದೆಲ್ಲದರ ಮೇಲೆ ಭಾಷೆಯ ಹೊರೆಯೂ ಸೇರುತ್ತದೆ. ಪ್ರೌಢಶಾಲೆಯ ತನಕ ಕನ್ನಡದಲ್ಲಿ ಓದಿ, ಪಿಯುಸಿಯಲ್ಲಿ ಇಂಗ್ಲಿಷಿಗೆ ಹೊರಳಿ, ಬಿ.ಎಸ್ಸಿ.ಯನ್ನು ನೋಟ್ಸುಗಳಿಂದ ದಾಟಿದ ವಿದ್ಯಾರ್ಥಿ ಸಂಶೋಧನಾ ಲೇಖನವೊಂದನ್ನು ಆದ್ಯಂತ ಓದಿ ವಾದಿಸಬೇಕಾದ ಸಂದರ್ಭ ಮೊದಲ ಸಲ ಬರುವುದು ಎಂ.ಎಸ್ಸಿ. ಸೆಮಿನಾರಿನಲ್ಲಿ. ಪ್ರಯೋಗದಲ್ಲಿ ಕೈ ಚುರುಕಿದ್ದೂ ಸಂದರ್ಶನದಲ್ಲಿ ಬಾಯಿ ಕಟ್ಟುವುದರಿಂದ ದೊಡ್ಡ ಸಂಸ್ಥೆಗಳ ಬಾಗಿಲಿನಿಂದ ಹಿಂದಿರುಗುವವರು ಇದ್ದಾರೆ. ಕೆಲವು ಮಾರ್ಗದರ್ಶಕರು ಪ್ರಯೋಗಾಲಯದ ವಾರದ ಚರ್ಚೆಯನ್ನು ಕನ್ನಡದಲ್ಲೇ ನಡೆಸಿ ಬರವಣಿಗೆಯನ್ನು ಮಾತ್ರ ಇಂಗ್ಲಿಷಿನಲ್ಲಿ ಮಾಡಿಸುತ್ತಾರೆ. ಯಾವ ನಿಯಮದಲ್ಲೂ ಇಲ್ಲದ ಈ ಪದ್ಧತಿ ಹೆಚ್ಚು ಕಡೆ ಇರಬೇಕಿತ್ತು.

ಪದವಿ ಕೈಗೆ ಬಂದ ಮೇಲಿನ ದಾರಿಗಳಲ್ಲಿ ಹೊರದೇಶದ ಪೋಸ್ಟ್‌ಡಾಕ್ಟರಲ್ ಕೆಲಸ ಒಂದು, ಬೆಂಗಳೂರಿನ ಬಯೋಕಾನ್, ಸಿಂಜೀನ್‌ಗಳಂಥ ಉದ್ಯಮ ಇನ್ನೊಂದು. ಈ ಉದ್ಯಮಗಳು ಎಂ.ಎಸ್ಸಿ. ಪದವೀಧರರಿಗೂ ಕೆಲಸ ಕೊಡುವುದರಿಂದ, ಮಧ್ಯಮ ದರ್ಜೆಯ ಪಿಎಚ್.ಡಿ.ಗಾಗಿ ಕಳೆದ ಐದು ವರ್ಷಗಳು ಸಂಬಳದ ಲೆಕ್ಕದಲ್ಲಿ ನಷ್ಟವೇ ಆಗಬಹುದು. ಮೂರನೆಯ ದಾರಿಯಾದ ವಿಶ್ವವಿದ್ಯಾಲಯದ ಅಧ್ಯಾಪನದಲ್ಲಿ ಬಾಗಿಲು ಅರ್ಧ ಮುಚ್ಚಿದೆ. ನಿವೃತ್ತರಾದ ಪ್ರಾಧ್ಯಾಪಕರ ಹುದ್ದೆಗಳು ವರ್ಷಗಟ್ಟಲೆ ಖಾಲಿ ಉಳಿದು, ಪಾಠವನ್ನು ಅತಿಥಿ ಉಪನ್ಯಾಸಕರು ನಡೆಸುತ್ತಾರೆ, ಪಿಎಚ್.ಡಿ. ಪಡೆದ ಈ ಅತಿಥಿಗಳ ನೇಮಕ ಶೈಕ್ಷಣಿಕ ವರ್ಷದೊಂದಿಗೆ ಮುಗಿಯುವುದರಿಂದ ಅವರು ಅನುದಾನಕ್ಕೆ ಅರ್ಜಿ ಹಾಕುವುದಾಗಲಿ ಶಿಷ್ಯರನ್ನು ಪಡೆಯುವುದಾಗಲಿ ಆಗದ ಮಾತು. ಯುಜಿಸಿ ನಿಯಮದಂತೆ ಮಾರ್ಗದರ್ಶಕರಾಗಲು ಕಾಯಂ ಅಧ್ಯಾಪಕರಾಗಿರಬೇಕು. ಆದ್ದರಿಂದ ವಿಭಾಗವೊಂದರಲ್ಲಿ ಕಾಯಂ ಹುದ್ದೆಗಳು ನಾಲ್ಕಕ್ಕೋ ಮೂರಕ್ಕೋ ಇಳಿದಾಗ ಪಿಎಚ್.ಡಿ. ಸೀಟುಗಳೂ ಅದಕ್ಕೆ ತಕ್ಕಂತೆ ಇಳಿಯುತ್ತವೆ. ಉಳಿದ ಒಬ್ಬಿಬ್ಬರು ಪ್ರಾಧ್ಯಾಪಕರು ನಿವೃತ್ತರಾದ ದಿನ ಅವರ ನೊಣಗಳ ವಂಶಗಳನ್ನೂ ಒಣಗಿಸಿಟ್ಟ ಸಸ್ಯಗಳ ಹಾಳೆಗಳನ್ನೂ ಯಾರ ಹೆಸರಿಗೆ ಬರೆದುಕೊಡಬೇಕೆಂಬುದಕ್ಕೆ ದಾಸ್ತಾನು ಪುಸ್ತಕದಲ್ಲಿ ಕಲಮೇ ಇರುವುದಿಲ್ಲ.